ಸುಬೇದಾರರು ಎಚ್ಚರವಿದ್ದ ರಾತ್ರಿಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವೇದಿಕೆಯ ಮೇಲಿರುವ ಹಿರಿಯರೇ, ಸಂಘದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ದಿನವಿಡೀ ಟೀ ಎಲೆ ಕಿತ್ತು ದಣಿದು, ಆದರೂ ಈ ಚಳಿಯಲ್ಲಿ ಬಂದು ಕೂತಿರುವ ತಾಯಂದಿರೇ,

ಸೈನಿಕನ ತ್ಯಾಗ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಗಡಿ ಬರುತ್ತೆ, ಗುಂಡು ಬರುತ್ತೆ, ಬಾವುಟ ಹೊದಿಸಿದ ಪೆಟ್ಟಿಗೆ ಬರುತ್ತೆ. ಆ ತ್ಯಾಗಕ್ಕೆ ನಾವೆಲ್ಲ ತಲೆಬಾಗೋಣ. ಆದರೆ ಇವತ್ತು ನಾನು ಹೇಳಬೇಕೆಂದಿರುವುದು ಮನೆಯೊಳಗೆ ತ್ಯಾಗ ಮಾಡಿದ ಒಬ್ಬ ಸೈನಿಕರ ಬಗ್ಗೆ. ಅವರ ಮಗನ ಫೋಟೋ ನಮ್ಮ ಪ್ರತಿ ಮನೆಯ ಗೋಡೆ ಮೇಲಿದೆ. ಅವರ ಫೋಟೋ ಎಷ್ಟು ಮನೆಯಲ್ಲಿದೆ? ಅವರೇ ಸುಬೇದಾರ್ ರಾಮ್‌ಜಿ ಮಾಲೋಜಿ ಸಕ್ಪಾಲ್, ಬಾಬಾಸಾಹೇಬರ ತಂದೆ.

ರಾಮ್‌ಜಿಯವರ ತಂದೆ ಮಾಲೋಜಿಯೂ ಸೈನಿಕರೇ. ಊರಿನ ಶಾಲೆ ಮಹಾರರ ಮಕ್ಕಳನ್ನು ಹೊರಗಿಟ್ಟಿದ್ದ ಕಾಲ ಅದು. ಬ್ರಿಟಿಷರ ಸೇನೆಯಲ್ಲಿ ಮಾತ್ರ ಸಿಪಾಯಿಗಳಿಗೂ ಅವರ ಮಕ್ಕಳಿಗೂ ಪಾಠವಿತ್ತು. ಹಾಗಾಗಿ ನಮ್ಮವರ ಕೈಗೆ ಬಂದೂಕಿನ ಜೊತೆ ಪುಸ್ತಕವೂ ಬಂತು. ರಾಮ್‌ಜಿ ಓದಿದರು, ಸೇನೆಯ ಶಾಲೆಯಲ್ಲಿ ಮೇಷ್ಟ್ರಾದರು, 14 ವರ್ಷ ಹೆಡ್‌ಮಾಸ್ಟರಾಗಿದ್ದರು. ಮಹೂ ದಂಡಿನಲ್ಲಿದ್ದಾಗ 1891ರ ಏಪ್ರಿಲ್ 14ರಂದು ಅವರಿಗೆ 14ನೇ ಮಗು ಹುಟ್ಟಿತು. ಅದೇ ನಮ್ಮ ಭೀಮ.

ಆಮೇಲೆ ಕೆಟ್ಟ ದಿನಗಳು ಬಂದವು. 1890ರ ದಶಕದಲ್ಲಿ ಸರ್ಕಾರ ಮಹಾರರನ್ನು ಸೇನೆಗೆ ಸೇರಿಸಿಕೊಳ್ಳೋದನ್ನೇ ನಿಲ್ಲಿಸಿತು. ರಾಮ್‌ಜಿ ನಿವೃತ್ತರಾದರು. ತಿಂಗಳಿಗೆ 50 ರೂಪಾಯಿ ಪಿಂಚಣಿ, ಮನೆ ತುಂಬ ಮಕ್ಕಳು. ದಾಪೋಲಿಗೆ ಹೋದರು, ಅಲ್ಲಿಂದ ಸತಾರಾಕ್ಕೆ. ಅಲ್ಲಿ ಹೆಂಡತಿ ಭೀಮಾಬಾಯಿ ತೀರಿಕೊಂಡರು. ಸೋದರತ್ತೆ ಮೀರಾಬಾಯಿ ಮಕ್ಕಳನ್ನು ನೋಡಿಕೊಂಡರು. ರಾಮ್‌ಜಿ ಮಕ್ಕಳನ್ನು ಬಿಟ್ಟು ದೂರದ ಗೋರೆಗಾಂವ್‌ನಲ್ಲಿ, ಬರಗಾಲದ ಕೆರೆ ಕೆಲಸದ ಕಡೆ, ಕ್ಯಾಷಿಯರ್ ಆಗಿ ದುಡಿದರು.

ಕೊನೆಗೆ ಮಕ್ಕಳ ಓದಿಗಾಗಿ ಬೊಂಬಾಯಿಗೆ ಬಂದರು. ಪರೇಲಿನ ಚಾಳಿನಲ್ಲಿ ಒಂದೇ ಕೋಣೆ. ಅದರಲ್ಲೇ ಅಡುಗೆ, ಅದರಲ್ಲೇ ಸೌದೆ, ಅದರಲ್ಲೇ ಪಾತ್ರೆಪಗಡ, ಅದರಲ್ಲೇ ಮಲಗೋದು. ಲೈನ್ ಮನೆಯಲ್ಲಿ ಬೆಳೆದ ನಿಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಕೋಣೆಯಲ್ಲಿ ಓದೋದು ಯಾವಾಗ? ರಾಮ್‌ಜಿ ಒಂದು ದಾರಿ ಹುಡುಕಿದರು. ಮಗನನ್ನು ಬೇಗ ಮಲಗಿಸಿ ತಾವು ಎಚ್ಚರವಾಗಿರೋರು. ರಾತ್ರಿ 2 ಗಂಟೆಗೆ ಅವನನ್ನು ಎಬ್ಬಿಸಿ, ಸೀಮೆಎಣ್ಣೆ ದೀಪದ ಮುಂದೆ ಕೂರಿಸಿ, ಅವನೆದ್ದ ಜಾಗದಲ್ಲಿ ತಾವು ಮಲಗೋರು. ಸೇನೆಯಲ್ಲಿ ಕಾವಲು ಗೊತ್ತಿದ್ದ ಮನುಷ್ಯ, ಮಗನ ಓದಿಗೆ ಕಾವಲಿದ್ದರು.

ಮಗ ಹೊಸ ಪುಸ್ತಕ ಕೇಳಿದರೆ ಇಲ್ಲ ಅಂದವರಲ್ಲ. ದುಡ್ಡಿಲ್ಲದಾಗ, ಮದುವೆಯಾಗಿ ಹೋಗಿದ್ದ ಹೆಣ್ಣುಮಕ್ಕಳ ಮನೆಗೆ ಹೋಗಿ ಕೈಸಾಲ ಕೇಳೋರು. ಅದೂ ಇಲ್ಲದಿದ್ದರೆ ಅವರ ಒಡವೆ ತಂದು ಗಿರವಿ ಇಟ್ಟು, ಪಿಂಚಣಿ ಬಂದ ಮೇಲೆ ಬಿಡಿಸಿ ಕೊಡೋರು. ಯೋಚನೆ ಮಾಡಿ, ಮಗಳಿಗೆ ಕೊಟ್ಟ ಒಡವೆಯನ್ನು ಅಪ್ಪ ಮತ್ತೆ ಕೇಳಬೇಕೆಂದರೆ ಎಷ್ಟು ಮಾನ ನುಂಗಿಕೊಂಡಿರಬೇಕು?

ಭೀಮರಾಯರು 1907ರಲ್ಲಿ ಮೆಟ್ರಿಕ್ ಪಾಸಾದರು, ಕಾಲೇಜು ಓದಿದರು, ಬರೋಡಾದಲ್ಲಿ ಕೆಲಸಕ್ಕೆ ಸೇರಿದರು. ಸೇರಿ ಹೆಚ್ಚು ದಿನವಾಗಿರಲಿಲ್ಲ, ತಂದೆಗೆ ಕಾಯಿಲೆ ಅಂತ ಸುದ್ದಿ ಬಂತು. ಮಗ ಬಂದರು. 1913ರ ಫೆಬ್ರವರಿ 2ರಂದು ರಾಮ್‌ಜಿ ಕಣ್ಣು ಮುಚ್ಚಿದರು. ಅದೇ ವರ್ಷ ಮಗ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಪ್ಪ ಅದನ್ನು ನೋಡಲಿಲ್ಲ. ಆದರೆ ಮಗ ಮರೆಯಲಿಲ್ಲ. ರೂಪಾಯಿಯ ಸಮಸ್ಯೆ ಕುರಿತು 1923ರಲ್ಲಿ ಬಂದ ದೊಡ್ಡ ಗ್ರಂಥವನ್ನು ತಂದೆತಾಯಿಗೇ ಅರ್ಪಿಸಿದರು. ಮಹಾರರಿಗೆ ಸೇನೆಯ ಬಾಗಿಲು ತೆರೆಯಬೇಕೆಂದು ಪಟ್ಟು ಹಿಡಿದರು. 1941ರಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ನಮ್ಮ ಕನ್ನಡದ ಬೆಳಗಾವಿಯಲ್ಲೇ.

ಬಂಧುಗಳೇ, ಈ ಕತೆಯಲ್ಲಿ ನಾವು ಹೆಚ್ಚಾಗಿ ಬಿಟ್ಟುಬಿಡುವ ಇನ್ನೊಬ್ಬರಿದ್ದಾರೆ. ಬಾಬಾಸಾಹೇಬರ ಅಣ್ಣ ಆನಂದರಾವ್. ಇಬ್ಬರನ್ನೂ ಓದಿಸೋಕೆ ಆ ಪಿಂಚಣಿ ಸಾಲಲಿಲ್ಲ. ಅಣ್ಣ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದರು, ತಮ್ಮ ಓದಿದರು. ರಾಮ್‌ಜಿ ನಿದ್ದೆ ಕೊಟ್ಟರು, ಹೆಣ್ಣುಮಕ್ಕಳು ಒಡವೆ ಕೊಟ್ಟರು, ಆನಂದರಾವ್ ತಮ್ಮ ಓದನ್ನೇ ಕೊಟ್ಟರು.

ಈಗ ನಮ್ಮ ಲೈನುಗಳನ್ನು ನೋಡಿಕೊಳ್ಳೋಣ. ಮನೆಯಲ್ಲಿ ದುಡ್ಡು ಸಾಲದೆ ಬಂದಾಗ ಯಾರ ಓದು ನಿಲ್ಲುತ್ತೆ? ಅಕ್ಕನದೋ, ತಂಗಿಯದೋ? ಆಮೇಲೆ ತ್ಯಾಗ ಅಂತ ಹೊಗಳಿ ಸುಮ್ಮನಾಗ್ತೀವಿ. ಅವಳನ್ನು ಒಂದು ಮಾತು ಕೇಳಿದ್ದೀವಾ? ರಾಮ್‌ಜಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಇದೆ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದ ಇದೆ, ಬಾಬಾಸಾಹೇಬರು ವೈಸರಾಯ್ ಕೌನ್ಸಿಲ್‌ನಲ್ಲಿದ್ದ ಕಾಲದಿಂದ. ಒಬ್ಬರ ಓದಿಗೆ ಇನ್ನೊಬ್ಬರ ಓದು ಬಲಿಯಾಗದಿರಲಿ ಅಂತಲೇ ಇಂಥವು ಇರೋದು.

ಆದರೆ ಅದು ತಾನಾಗಿ ಮನೆಗೆ ಬರೋದಿಲ್ಲ. ಜಾತಿ ಸರ್ಟಿಫಿಕೇಟ್ ಬೇಕು, ಆದಾಯದ ಸರ್ಟಿಫಿಕೇಟ್ ಬೇಕು, ಬ್ಯಾಂಕ್ ಖಾತೆ ಬೇಕು. ಒಂದೊಂದಕ್ಕೆ ಓಡಾಡಿದರೂ ತಾಯಿಯ ಒಂದು ದಿನದ ಕೂಲಿ ಹೋಗುತ್ತೆ. ಸಂಘದ ಹುಡುಗರು ಮಾಡಬೇಕಾದ ಕೆಲಸ ಇದು. ಪ್ರತಿ ಲೈನಿನಲ್ಲಿ ಹತ್ತನೇ ತರಗತಿ ಮುಗಿಸುವ ಮಕ್ಕಳ ಪಟ್ಟಿ ಬರೆಯಿರಿ, ಹೆಣ್ಣುಮಕ್ಕಳ ಹೆಸರು ಮೊದಲು. ಅವರ ಅರ್ಜಿ ಕೊನೆಯ ದಿನದೊಳಗೆ ಹೋಯ್ತಾ ಅಂತ ನೀವೇ ವಿಚಾರಿಸಿ. ಪರೀಕ್ಷೆಯ ತಿಂಗಳಲ್ಲಿ ಸಂಘದ ಕೋಣೆಯನ್ನು ರಾತ್ರಿ ಓದೋಕೆ ಬಿಡಿ. ಹಿರಿಯರು ಇಬ್ಬರಿಬ್ಬರಂತೆ ಪಾಳಿ ಹಾಕಿಕೊಂಡು ಅಲ್ಲಿ ಎಚ್ಚರವಿರಲಿ, ಮಕ್ಕಳನ್ನು ಮನೆ ತಲುಪಿಸಲಿ. ಈ ದಾರಿಯಲ್ಲಿ ಕತ್ತಲಾದ ಮೇಲೆ ಆನೆ ಓಡಾಡುತ್ತೆ ಅಂತ ನಿಮಗೇ ಗೊತ್ತು.

ಈ ವರ್ಷ ಯಾವ ಮನೆಯಲ್ಲೂ ಒಂದು ಮಗುವೂ ಇನ್ನೊಂದಕ್ಕಾಗಿ ಶಾಲೆ ಬಿಡಬಾರದು. ಮುಂದಿನ ವಾರ್ಷಿಕೋತ್ಸವದಲ್ಲಿ ಆ ಪಟ್ಟಿಯನ್ನು ಇದೇ ವೇದಿಕೆಯಲ್ಲಿ ಓದಿ. ಇಷ್ಟೇ ನನ್ನ ಕೋರಿಕೆ.

ಜೈ ಭೀಮ್.