ಮುಚ್ಚಿದ ಬಾಗಿಲು, ತೆರೆಯುವ ಮಾತು



ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ವ್ಯಾಪಾರದ ವಿಷಯವನ್ನೆತ್ತಿಕೊಂಡರೆ ತಮಗೆ ಅಚ್ಚರಿಯಾದೀತು. ಲಾಭನಷ್ಟಗಳ ಗಣಿತ ನನ್ನದಲ್ಲ. ಆದರೆ ಬಹುಕಾಲ ಮುಚ್ಚಿದ್ದ ಅಂಗಡಿಯವನು ಮತ್ತೆ ಬಾಗಿಲು ತೆರೆಯುವಾಗ ಗಿರಾಕಿಗೆ ಏನನ್ನು ಹೇಳಬೇಕು, ಹೇಗೆ ಹೇಳಬೇಕು ಎಂಬುದು ಮಾತಿಗೆ ಸಂಬಂಧಿಸಿದ ಪ್ರಶ್ನೆ. ಅದರಲ್ಲಿ ನನಗೂ ಒಂದಿಷ್ಟು ಅಧಿಕಾರವುಂಟೆಂದು ಭಾವಿಸುತ್ತೇನೆ.

ನಮ್ಮ ಮೈಸೂರು ಸೀಮೆಯ ಮನೆಗಳಲ್ಲಿ ‘ವರ್ತನೆ’ ಎಂಬ ಮಾತಿಗೆ ನಡತೆ ಎಂಬುದಲ್ಲದೆ ಇನ್ನೊಂದು ಅರ್ಥವೂ ಉಂಟು. ದಿನವೂ ಹಾಲು ಹಾಕುವವಳು ವರ್ತನೆಯವಳು; ತಿಂಗಳ ಸಾಮಾನು ತರುವ ಅಂಗಡಿ ವರ್ತನೆಯ ಅಂಗಡಿ. ವ್ಯಾಪಾರಿಗೆ ‘ವರ್ತಕ’ನೆಂಬ ಹೆಸರು ಬಂದಿರುವುದೂ ಇದೇ ಧಾತುವಿನಿಂದ. ಒಮ್ಮೆ ಕೊಟ್ಟು ಕೊಂಡರೆ ಅದು ಮಾರಾಟ; ಕೊಡುಕೊಳೆ ರೂಢಿಯಾಗಿ, ರೂಢಿಯು ನಂಬಿಕೆಯಾದರೆ ಅದು ವರ್ತನೆ. ಅಂಗಡಿ ತಿಂಗಳುಗಟ್ಟಲೆ ಮುಚ್ಚಿದಾಗ ಮಾರಾಟ ನಿಲ್ಲುವುದರ ಜೊತೆಗೆ ವರ್ತನೆಯೂ ತಪ್ಪುತ್ತದೆ. ಬೀಗ ತೆಗೆದರೆ ಮಾರಾಟ ಮೊದಲಾದೀತು. ತಪ್ಪಿದ ವರ್ತನೆಯನ್ನು ಕೂಡಿಸುವುದಕ್ಕೆ ಖಚಿತವಾದ, ನಿಜವಾದ ಮಾತು ಬೇಕು. ಈ ಹೊತ್ತು ನಾನು ನಿವೇದಿಸಬೇಕೆಂದಿರುವುದು ಇಷ್ಟೇ.

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತಷ್ಟೆ. ನಮ್ಮ ನೆರೆಯ ನಂಜನಗೂಡಿಗೆ ಆ ದಿನಗಳು ಇಮ್ಮಡಿ ಕಷ್ಟದವು. ಅಲ್ಲಿಯ ಔಷಧ ಕಾರ್ಖಾನೆಯೊಂದರ ನೌಕರರಲ್ಲಿಯೂ ಅವರ ಸಂಪರ್ಕಕ್ಕೆ ಬಂದವರಲ್ಲಿಯೂ ಸೋಂಕು ಕಾಣಿಸಿಕೊಂಡು 70ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಮೇ ತಿಂಗಳ ನಡುವಿನ ಹೊತ್ತಿಗೆ ಅವರು ಗುಣಮುಖರಾಗಿ ಮನೆಗೆ ಬಂದರು. ಆದರೆ ಊರಿಗೆ ಅಂಟಿದ ಹೆಸರು ಅಷ್ಟು ಬೇಗ ಗುಣವಾಗಲಿಲ್ಲ. ಶ್ರೀಕಂಠೇಶ್ವರನ ದೊಡ್ಡ ಜಾತ್ರೆ ಆ ವರ್ಷ ನಡೆಯಲಿಲ್ಲ. ಹಣ್ಣುಕಾಯಿಯವರು, ಹೂವಿನವರು, ಊಟತಿಂಡಿಯ ಹೋಟೆಲಿನವರು ಕಾಯುವುದು ಯಾತ್ರಿಕರನ್ನು. ಜೂನ್ 8ರಂದು ದೇವಾಲಯಗಳನ್ನೂ ಹೋಟೆಲುಗಳನ್ನೂ ತೆರೆಯಬಹುದೆಂದು ಆಜ್ಞೆಯಾದಾಗ ಬಾಗಿಲುಗಳು ತೆರೆದವು; ಭಯ ಮಾತ್ರ ಹೊಸಿಲಲ್ಲೇ ಕುಳಿತಿತ್ತು.

ಆ ದಿನಗಳಲ್ಲಿ ಅಂಗಡಿಗಳ ಮುಂದೆ ತೂಗಿದ ಫಲಕಗಳನ್ನು ನಾನು ಹಳೆಯ ಅಭ್ಯಾಸಬಲದಿಂದ ಓದುತ್ತಿದ್ದೆ. ‘ಸಕಲ ಮುನ್ನೆಚ್ಚರಿಕಾ ಕ್ರಮಗಳನ್ನು ಕೈಗೊಳ್ಳಲಾಗಿದೆ, ಗ್ರಾಹಕ ಮಹಾಶಯರಿಗೆ ಹಾರ್ದಿಕ ಸ್ವಾಗತ’ ಎಂದು ಒಂದು ಕಡೆ. ‘ಬೆಳಿಗ್ಗೆ 7ರಿಂದ 11. ಇಡ್ಲಿ, ಉಪ್ಪಿಟ್ಟು ಮಾತ್ರ. ಕಟ್ಟಿಸಿಕೊಂಡು ಹೋಗಬೇಕು. ಒಳಗೆ ಮೂವರೇ. ಕೈತೊಳೆಯಲು ನೀರು ಎಡಗಡೆ’ ಎಂದು ಇನ್ನೊಂದು ಕಡೆ. ಮೊದಲನೆಯದು ಸಭ್ಯವಾದ ವಾಕ್ಯ. ಆದರೆ ಯಾರು ಏನು ಮಾಡಿದರೆಂದು ಅದು ಹೇಳುವುದಿಲ್ಲ. ಎರಡನೆಯದನ್ನು ಓದಿದವನಿಗೆ ತಾನು ಎಲ್ಲಿ ನಿಲ್ಲಬೇಕು, ಏನು ಸಿಕ್ಕೀತು, ಏನು ಸಿಗದು ಎಂಬುದೆಲ್ಲ ಹೊಸಿಲು ದಾಟುವ ಮೊದಲೇ ತಿಳಿಯಿತು. ಹೆದರಿದವನಿಗೆ ವಿಶೇಷಣಗಳಿಂದ ಧೈರ್ಯ ಬರುವುದಿಲ್ಲ, ಕ್ರಿಯಾಪದಗಳಿಂದ ಬರುತ್ತದೆ. ನಿಯಮಗಳು ವಾರವಾರಕ್ಕೂ ಬದಲಾಗುತ್ತಿದ್ದ ಕಾಲವಾದ್ದರಿಂದ ಫಲಕದ ಮೂಲೆಯಲ್ಲಿ ತಾರೀಕು ಬರೆಯುವುದೂ ಅಗತ್ಯವಾಗಿತ್ತು. ತಾರೀಕಿಲ್ಲದ ಪ್ರಕಟಣೆ ಹೋದ ವಾರದ್ದೋ ಈ ವಾರದ್ದೋ ಎಂದು ತಿಳಿಯದೆ ಗಿರಾಕಿ ಹಿಂದಿರುಗುತ್ತಾನೆ.

ಇಲ್ಲಿ ಮಾತಿನ ಆಯ್ಕೆಯ ವಿಚಾರವಾಗಿ ಒಂದು ಸಂಗತಿಯನ್ನು ಹೇಳಬೇಕು. ‘ಸಾಮಾಜಿಕ ಅಂತರ’ ಎಂಬ ತರ್ಜುಮೆಯ ಮಾತು ಆಗ ಎಲ್ಲೆಲ್ಲಿಯೂ ಮೊಳಗಿತು. ಜಾತಿಯ ಹೆಸರಿನಲ್ಲಿ ದೂರ ನಿಲ್ಲಿಸಿದ ನೋವು ಇನ್ನೂ ಮಾಯದ ನಮ್ಮ ಸಮಾಜದಲ್ಲಿ ಆ ಮಾತು ಕಿವಿಗೆ ಕಹಿ. ನಮ್ಮ ತಿರುಮಕೂಡಲಿನಲ್ಲಿ ಹೂ ಮಾರುವ ತಾಯಿಯೊಬ್ಬಳು ‘ಒಂದು ಮಾರು ದೂರ ನಿಂತ್ಕೊಳಿ, ಎಲ್ರಿಗೂ ಕೊಡ್ತೀನಿ’ ಎಂದಳು. ಮಾರು ಎಂದರೆ ಎರಡು ತೋಳು ಚಾಚಿದಷ್ಟು ಉದ್ದ, ಹೆಚ್ಚುಕಡಿಮೆ ಆರಡಿ. ಅವಳು ಹೂಮಾಲೆಯನ್ನು ಅಳೆಯುವುದು ಮೊಳದಲ್ಲಿ, ಮಾರಿನಲ್ಲಿ. ತಜ್ಞರು ಹೇಳಿದ ಅಳತೆಯೂ ಸುಮಾರು ಅಷ್ಟೇ. ಆ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ, ಯಾರ ಮನಸ್ಸೂ ನೋಯಲಿಲ್ಲ.

ಫಲಕವನ್ನು ಓದಲಾರದವರ ಮಾತೇನು? ನರಸೀಪುರದ ಅಂಗಡಿಗಳು ಬದುಕುವುದು ಸುತ್ತಲಿನ ಹಳ್ಳಿಗಳ ಜನರಿಂದ. ತಲಕಾಡಿನ ಕಡೆಯಿಂದ, ಮೂಗೂರು, ಸೋಸಲೆಗಳ ಕಡೆಯಿಂದ ಬರುವವರು ಬಸ್ಸನ್ನು ನಂಬಿದವರು. 2020ರ ಮೇ 19ರಂದು ಸಾರಿಗೆ ಬಸ್ಸುಗಳು ಮಿತವಾಗಿ ಮತ್ತೆ ಓಡತೊಡಗಿದವು. ಮೊದಲ ಬಸ್ಸು ಬರುವ ಮುಂಚೆಯೇ ಮುಚ್ಚುವ ಅಂಗಡಿ ಹಳ್ಳಿಯವನ ಪಾಲಿಗೆ ತೆರೆದೇ ಇಲ್ಲ. ಆದ್ದರಿಂದ ವೇಳೆಯನ್ನು ಬಸ್ಸಿಗೆ ಹೊಂದಿಸಿ, ಆ ಸುದ್ದಿಯನ್ನು ಹಾಲಿನ ಡೇರಿಗೆ, ಆಟೋದವರಿಗೆ, ಹಳ್ಳಿಯ ಚಹದಂಗಡಿಗೆ ಮುಟ್ಟಿಸಿದ ವರ್ತಕ ಜಾಣ. ವಾಟ್ಸಾಪ್ ಸಂದೇಶವೂ ಒಳ್ಳೆಯದೇ. ಆದರೆ ಮನೆಗೆ ಒಂದೇ ಫೋನಿದ್ದು ಅದು ಮಗನ ಜೇಬಿನಲ್ಲಿದ್ದರೆ, ಸಾಮಾನು ತರುವ ತಾಯಿಗೆ ಸುದ್ದಿ ತಲಪುವುದು ಬಾಯಿಂದಲೇ.

ಇನ್ನು ಸರಕಿನ ವಿಷಯ. ಬಾಗಿಲು ಮುಚ್ಚಿಸುವುದು ರೋಗವೊಂದೇ ಅಲ್ಲ. 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರಿಗೆ ಕಪಿಲೆ ಉಕ್ಕಿ, ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿ, ಮೈಸೂರಿನ ಹೆದ್ದಾರಿಯಲ್ಲಿ ಸಂಚಾರ ನಿಂತದ್ದು ಅನೇಕರಿಗೆ ನೆನಪಿರಬಹುದು. ನೆರೆ ಇಳಿದ ಮೇಲೆ ಗಿರಾಕಿಯ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ಈ ಅಕ್ಕಿ ನೆನೆದದ್ದೋ ಅಲ್ಲವೋ? ಎರಡು ತಿಂಗಳು ಬೀಗ ಹಾಕಿದ್ದ ಅಂಗಡಿಯಲ್ಲಿಯೂ ಅದೇ ಶಂಕೆ: ಈ ಹಿಟ್ಟು ಯಾವಾಗಿನದು? ಅವನು ಕೇಳುವ ಮೊದಲೇ ‘ಹಳೆಯದನ್ನು ತೆಗೆದಿಟ್ಟಿದ್ದೇನೆ, ಇದು ಹೊಸದು, ಎಣ್ಣೆಯ ಬೆಲೆ ಏರಿದೆ, ಕಾರಣ ಇಂಥದು’ ಎಂದು ಹೇಳುವುದು ಲೇಸು. ಬಂದಿರದ ಸರಕಿಗೆ ‘ನಾಳೆ ಬನ್ನಿ’ ಎನ್ನುವುದು ನಮ್ಮ ಅಂಗಡಿಗಳ ಹಳೆಯ ಜಾಡ್ಯ. ಬಸ್ಸಿಗೆ ಕೊಟ್ಟ ದುಡ್ಡು ಹೋಗಿ ಬರಿಗೈಯಲ್ಲಿ ಮನೆಗೆ ಮರಳಿದವಳು ಆ ‘ನಾಳೆ’ಯನ್ನು ಬಹುದಿನ ಮರೆಯಲಾರಳು. ‘ಇಲ್ಲ’ ಎಂಬ ಮಾತೂ ಒಂದು ಉಪಚಾರವೇ.

ಎಲ್ಲಕ್ಕಿಂತ ನಾಜೂಕಾದದ್ದು ಉದ್ರಿ ಪುಸ್ತಕ. ಕೂಲಿ ನಿಂತ ತಿಂಗಳುಗಳಲ್ಲಿ ಬಾಕಿ ಬೆಳೆಯಿತು. ಬಾಕಿಯುಳ್ಳವನು ಮುಖ ತೋರಿಸಲು ನಾಚಿ, ಕೈಯಲ್ಲಿ ನಾಲ್ಕು ಕಾಸು ಬಂದಾಗ ಬೇರೆ ಅಂಗಡಿಗೆ ಹೋಗುತ್ತಾನೆ. ವರ್ತಕನಿಗೆ ಹಣವೂ ಹೋಯಿತು, ಗಿರಾಕಿಯೂ ಹೋದ. ‘ಹಳೆಯದನ್ನು ಆಮೇಲೆ ನೋಡೋಣ, ಈಗ ಬನ್ನಿ’ ಎಂದು ಒಂದು ಮಾತು ಕಳುಹಿಸಿದವರ ಅಂಗಡಿಗೆ ಜನ ಹಿಂದಿರುಗಿದ್ದನ್ನು ನಮ್ಮೂರಿನಲ್ಲಿ ನಾನು ಕಂಡಿದ್ದೇನೆ. ಆ ಮಾತನ್ನು ನಾಲ್ವರ ಮುಂದೆ ಕೂಗಿ ಹೇಳಬಾರದು. ಒಬ್ಬೊಬ್ಬರ ಕಿವಿಗೆ ಹೇಳಬೇಕು.

2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ಬಾಗಿಲುಗಳು ಬಿದ್ದವು. ಆ ಸಲ ತೆರೆದಾಗ ಕೆಲವು ಗಲ್ಲಾಗಳ ಹಿಂದೆ ತಂದೆಯ ಬದಲು ಮಗನಿದ್ದ. ಗೋಡೆಯ ಮೇಲೆ ಹೊಸದಾಗಿ ಹಾರ ಹಾಕಿದ ಪಟವಿತ್ತು. ಗಲ್ಲಾದ ಈಚೆಯೂ ಬರಬೇಕಾದವರಲ್ಲಿ ಕೆಲವರು ಬರಲಿಲ್ಲ. ಅಂಥ ಹೊತ್ತಿನಲ್ಲಿ ಗಿರಾಕಿಗೆ ಹೇಳತಕ್ಕ ಮಾತು ವೇಳೆಯೂ ಅಲ್ಲ, ಬೆಲೆಯೂ ಅಲ್ಲ. ‘ಮನೆಯಲ್ಲಿ ಎಲ್ಲರೂ ಕ್ಷೇಮವೇ?’ ಎಂದು ಕೇಳಿ, ಉತ್ತರ ಬರುವವರೆಗೆ ತಕ್ಕಡಿಯನ್ನು ಮುಟ್ಟದೆ ನಿಂತ ಹುಡುಗ ತನ್ನ ತಂದೆಯ ವರ್ತನೆಯನ್ನು ಉಳಿಸಿಕೊಂಡ. ಆ ಮಾತಿಗೆ ಎರಡು ಅರ್ಥವೂ ಅಲ್ಲಿ ಒಂದೇ ಆಯಿತು.

ಗಿರಾಕಿಗಳಾದ ನಮಗೂ ಇದರಲ್ಲಿ ಪಾಲುಂಟು. ಫೋನು ಒತ್ತಿದರೆ ಊರಾಚೆಯ ಕಂಪನಿಯ ಸಾಮಾನು ಮನೆಬಾಗಿಲಿಗೆ ಬರುವ ಕಾಲ ಇದು. ಆದರೆ ಕಷ್ಟಕಾಲದಲ್ಲಿ ಹೆಸರು ಬರೆದುಕೊಂಡು ಅಕ್ಕಿ ಕೊಟ್ಟದ್ದು ಬೀದಿಯ ಕೊನೆಯ ಅಂಗಡಿ. ಅದು ಮತ್ತೆ ತೆರೆದ ದಿನ ಮೊದಲು ಹೋಗಿ ಮಾತನಾಡಿಸುವುದು, ಹಳೆಯ ಬಾಕಿಯಲ್ಲಿ ಕೈಲಾದಷ್ಟನ್ನು ಸಲ್ಲಿಸುವುದು ನಮ್ಮ ಕಡೆಯ ವರ್ತನೆ. ವರ್ತಕನು ನಿಜವನ್ನು ಹೇಳಲಿ. ನಾವು ಅದನ್ನು ಕೇಳುವಷ್ಟು ಹೊತ್ತು ಅಲ್ಲಿ ನಿಲ್ಲೋಣ.