ತಟ್ಟೆಯಲ್ಲಿ ಅನ್ನ ಎಷ್ಟಿರಬೇಕು?

(ಹರಿಹರದ ಸ್ವ-ಸಹಾಯ ಸಂಘಗಳ ಸದಸ್ಯೆಯರಿಗಾಗಿ ಮಾಡಿದ ಭಾಷಣ)



ಸಂಘದಲ್ಲಿ ಉಳಿತಾಯ, ಸಾಲದ ಲೆಕ್ಕವನ್ನು ನೀವು ಬಹಳ ಚೆನ್ನಾಗಿ ಇಡ್ತೀರಿ. ಆದರೆ ದಿನಾ ನಮ್ಮ ತಟ್ಟೆಗೆ ಎಷ್ಟು ಅನ್ನ ಬೀಳುತ್ತದೆ ಅನ್ನೋ ಲೆಕ್ಕವನ್ನು ಯಾರೂ ಇಡೋದಿಲ್ಲ. ಇವತ್ತು ಆ ಲೆಕ್ಕದ ಬಗ್ಗೆ ಮಾತಾಡೋಣ.

ಸಕ್ಕರೆ ಕಾಯಿಲೆ ಈಗ ಶ್ರೀಮಂತರ ಕಾಯಿಲೆಯಾಗಿ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಮನೆಯಲ್ಲಿ ಒಬ್ಬರಿಗೆ ಬಂದರೂ ಮಾತ್ರೆ, ಪರೀಕ್ಷೆ, ಕೂಲಿ ತಪ್ಪುವುದು ಎಲ್ಲಾ ಸೇರಿ ಸಂಸಾರದ ಮೇಲೆ ಹೊರೆ ಬೀಳುತ್ತದೆ.

ನಮ್ಮೂರಿನ ಊಟವನ್ನೇ ನೋಡ್ರಿ. ಭದ್ರಾ ನಾಲೆಯ ನೀರು ಬಂದ ಮೇಲೆ ಹರಿಹರ, ದಾವಣಗೆರೆಯ ಸುತ್ತಮುತ್ತ ಭತ್ತವೇ ಮುಖ್ಯ ಬೆಳೆಯಾಯಿತು. ಪಡಿತರದಲ್ಲೂ ಅಕ್ಕಿ ಬರುತ್ತದೆ. ಬೆಳಿಗ್ಗೆ ಚಿತ್ರಾನ್ನ ಇಲ್ಲವೇ ದೋಸೆ, ಮಧ್ಯಾಹ್ನ ಅನ್ನ-ಸಾರು, ಸಂಜೆ ಮಂಡಕ್ಕಿ-ಮೆಣಸಿನಕಾಯಿ, ರಾತ್ರಿ ಮತ್ತೆ ಅನ್ನ. ನಾಲ್ಕು ಹೊತ್ತೂ ಅಕ್ಕಿಯೇ ಆಯ್ತಲ್ಲ! ಮಂಡಕ್ಕಿ ಹಗುರ ಅಂತೀವಿ. ಆದರೆ ಅದೂ ಭತ್ತದ್ದೇ, ಬೇಗ ಕರಗಿ ರಕ್ತದಲ್ಲಿ ಸಕ್ಕರೆಯನ್ನು ಏರಿಸುತ್ತದೆ.

ಅಕ್ಕಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಇರುವುದು ಪಿಷ್ಟ. ಹೊಟ್ಟೆಗೆ ಹೋದ ಪಿಷ್ಟ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ದುಡಿಮೆಗೆ ಅದು ಬೇಕು. ಖರ್ಚಾಗದೆ ಉಳಿದದ್ದು ಕೊಬ್ಬಾಗಿ ಕೂರುತ್ತದೆ.

"ಹಾಗಾದ್ರೆ ಅನ್ನ ಬಿಟ್ಟು ಮುದ್ದೆ, ರೊಟ್ಟಿ ಎಷ್ಟು ಬೇಕಾದರೂ ತಿನ್ನಬಹುದಲ್ಲಾ?" ಅಂತ ಕೇಳ್ತೀರಿ. ರಾಗಿ, ಜೋಳ ಒಳ್ಳೆಯದೇ, ಅವುಗಳಲ್ಲಿ ನಾರು ಹೆಚ್ಚು. ಆದರೆ ಅವುಗಳಲ್ಲೂ ಮೂರರಲ್ಲಿ ಎರಡು ಪಾಲಿನಷ್ಟು ಪಿಷ್ಟವೇ. ಅದೇ ಮಂಡಳಿಯ ನೆರವಿನ ಇನ್ನೊಂದು ಅಧ್ಯಯನ 2025ರಲ್ಲಿ ಇದನ್ನೇ ಹೇಳಿತು: ಧಾನ್ಯ ಬದಲಾಯಿಸಿದರೆ ಸಾಲದು, ಒಟ್ಟು ಅಳತೆಯೂ ಇಳಿಯಬೇಕು. ಇಳಿಸಿದ ಜಾಗಕ್ಕೆ ಬೇಳೆ, ಕಾಳು, ಮೊಟ್ಟೆ, ಮೊಸರಿನಂಥದ್ದು ಬರಬೇಕು.

ತಟ್ಟೆಯನ್ನು ಹೀಗೆ ಹಂಚಿಕೊಳ್ರಿ. ಅರ್ಧ ತಟ್ಟೆ ಸೊಪ್ಪು, ತರಕಾರಿ: ಮೆಂತ್ಯ, ರಾಜಗಿರಿ, ಪುಂಡಿ, ಹೀರೇಕಾಯಿ, ಬದನೆ, ಸೌತೆ. ಕಾಲು ತಟ್ಟೆ ಗಟ್ಟಿ ಬೇಳೆ, ಮೊಳಕೆ ಬಂದ ಹೆಸರುಕಾಳು, ಅಲಸಂದಿ, ಇಲ್ಲವೇ ಮೊಟ್ಟೆ, ಮೀನು. ಉಳಿದ ಕಾಲು ತಟ್ಟೆಯಲ್ಲಿ ಅನ್ನ, ಮುದ್ದೆ, ರೊಟ್ಟಿ ಇವುಗಳಲ್ಲಿ ಯಾವುದಾದರೂ ಒಂದು. ರೊಟ್ಟಿ ತಿಂದ ಮೇಲೆ ಮತ್ತೆ ತಟ್ಟೆ ತುಂಬಾ ಅನ್ನ ಬೇಡ. ಆಲೂಗಡ್ಡೆಯನ್ನು ತರಕಾರಿಯ ಲೆಕ್ಕಕ್ಕೆ ಹಿಡಿಯಬೇಡಿ. ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿ. ಬೆಲ್ಲ ಹಾಕಿದರೂ ಅದು ಸಕ್ಕರೆಯೇ. ಸಂಜೆ ಹಸಿವಾದರೆ ಒಂದು ಹಿಡಿ ಹುರಿದ ಶೇಂಗಾ ಅಥವಾ ಮಜ್ಜಿಗೆ ಸಾಕು.

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಹೆಂಗಸರು ಕೊನೆಗೆ ಉಣ್ಣುತ್ತಾರೆ. ಅಷ್ಟರಲ್ಲಿ ಪಲ್ಯ ಖಾಲಿ, ಬೇಳೆ ಖಾಲಿ. ಉಳಿದಿರೋದು ಅನ್ನ ಮತ್ತು ತಿಳಿಸಾರು. ಚೆಲ್ಲಬಾರದು ಅಂತ ಅದನ್ನೇ ಹೊಟ್ಟೆ ತುಂಬಾ ಉಣ್ಣುತ್ತೇವೆ. ಅಕ್ಕಂದಿರೇ, ಬಡಿಸುವ ಮೊದಲೇ ನಿಮ್ಮ ಪಾಲಿನ ಪಲ್ಯ, ಕಾಳು ತೆಗೆದಿಡಿ. ಇದು ಸ್ವಾರ್ಥವಲ್ಲ, ಮನೆ ನಡೆಸುವ ಜೀವವನ್ನು ಕಾಪಾಡಿಕೊಳ್ಳುವ ಕೆಲಸ.

ಎಚ್ಚರಿಕೆಯ ಮಾತೂ ಇದೆ. ಅನ್ನವನ್ನು ಒಮ್ಮೆಲೇ ಪೂರ್ತಿ ಬಿಡಬೇಡಿ, ಊಟ ತಪ್ಪಿಸಬೇಡಿ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅಳತೆ ಇಳಿಸಿದರೆ ರಕ್ತದ ಸಕ್ಕರೆ ತೀರಾ ಕುಸಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ತಕ್ಷಣ ಸಕ್ಕರೆ ನೀರು ಕುಡಿಸಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಕಿಡ್ನಿ ತೊಂದರೆ ಇರುವವರು ಕೂಡ ಕೇಳಿಯೇ ಬದಲಾವಣೆ ಮಾಡಬೇಕು.

30 ವರ್ಷ ದಾಟಿದವರೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಬರಿಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮತ್ತೊಮ್ಮೆ ಪರೀಕ್ಷಿಸಿ ಡಾಕ್ಟರಿಗೆ ತೋರಿಸಿ.

ಬೇಳೆ ತುಟ್ಟಿ ಅನ್ನೋದು ನಿಜ. ಅದಕ್ಕೇ ಸಂಘ ಇರೋದು. ಹತ್ತು ಮನೆಯವರು ಸೇರಿ ಬೇಳೆ, ಕಾಳು ಮೂಟೆಯಲ್ಲಿ ಕೊಂಡು ಹಂಚಿಕೊಂಡರೆ ಸ್ವಲ್ಪ ಅಗ್ಗವಾಗುತ್ತದೆ. ಹಿತ್ತಲಲ್ಲಿ ನುಗ್ಗೆ ಗಿಡ, ಒಂದು ಮಡಿ ಸೊಪ್ಪು ಹಾಕಿ. ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಕೆ.ಜಿ. ಅಕ್ಕಿ, ಎಷ್ಟು ಕೆ.ಜಿ. ಬೇಳೆ ಖರ್ಚಾಗುತ್ತದೆ ಅಂತ ಬರೆದು ತನ್ನಿ. ಮೂರು ತಿಂಗಳ ನಂತರ ಮತ್ತೆ ಬರೆಯೋಣ. ಅಕ್ಕಿಯ ಅಂಕಿ ಸ್ವಲ್ಪ ಇಳಿದು, ಬೇಳೆಯ ಅಂಕಿ ಸ್ವಲ್ಪ ಏರಿದ್ದರೆ ಅದು ನಮ್ಮ ಸಂಘದ ದೊಡ್ಡ ಉಳಿತಾಯ.