ಗಂಡ ಹೊರನಾಡಿನವನು, ಕುಲನಾಮ ತವರಿನದು

ಚೀನಾದಲ್ಲಿ ಮದುವೆ ನೋಂದಾಯಿಸಿದವರಿಗೆ ಸರ್ಕಾರ ಎರಡು ಕೆಂಪು ಪುಸ್ತಿಕೆಗಳನ್ನು ಕೊಡುತ್ತದೆ, ಗಂಡನಿಗೊಂದು, ಹೆಂಡತಿಗೊಂದು. ಬಿಡಿಸಿ ನೋಡಿದರೆ ಇಬ್ಬರೂ ಜೊತೆಯಾಗಿ ತೆಗೆಸಿಕೊಂಡ ಫೋಟೊ, ನೋಂದಣಿಯ ತಾರೀಖು, ಇಬ್ಬರ ಹೆಸರು, ಲಿಂಗ, ರಾಷ್ಟ್ರೀಯತೆ, ಹುಟ್ಟಿದ ದಿನ, ಗುರುತಿನ ದಾಖಲೆಯ ಸಂಖ್ಯೆ ಇರುತ್ತವೆ. ಅಷ್ಟೇ. ಮದುವೆಯಾದ ಮೇಲೆ ಯಾವ ಹೆಸರು ಇಟ್ಟುಕೊಳ್ಳುತ್ತೀರಿ ಎಂದು ಕೇಳುವ ಅಂಕಣ ಅದರಲ್ಲಿಲ್ಲ. ಅದೇ ಜೋಡಿ ನ್ಯೂಯಾರ್ಕ್‌ನಲ್ಲಿ ಮದುವೆಯ ಲೈಸೆನ್ಸಿಗೆ ಅರ್ಜಿ ಹಾಕಿದರೆ, ಮದುವೆಯ ನಂತರದ ಕುಲನಾಮ ಯಾವುದು ಎಂದು ಬರೆಯಲು ಅರ್ಜಿಯಲ್ಲೇ ಜಾಗ ಬಿಟ್ಟಿರುತ್ತಾರೆ. ಒಂದು ದೇಶಕ್ಕೆ ಹೊಳೆಯದ ಪ್ರಶ್ನೆ ಇನ್ನೊಂದು ದೇಶಕ್ಕೆ ಸಹಜವಾಗಿದೆ. ವಿದೇಶಿ ಗಂಡಂದಿರನ್ನು ಮದುವೆಯಾದ ಚೀನೀ ಹೆಣ್ಣುಮಕ್ಕಳ ಹೆಸರಿನ ತೊಡಕು ಹುಟ್ಟುವುದು ಈ ಎರಡು ಕಾಗದಗಳ ನಡುವೆ. ಇದನ್ನು ಸಾಮಾನ್ಯವಾಗಿ ಸಂಸ್ಕೃತಿಯ ವಿಷಯವೆಂದೋ, ಗಂಡನ ಮೇಲಿನ ಪ್ರೀತಿಯ ವಿಷಯವೆಂದೋ ಚರ್ಚಿಸುತ್ತಾರೆ. ನನ್ನ ಪ್ರಕಾರ ಇದು ಮೊದಲಿಗೆ ದಾಖಲೆಗಳ ವಿಷಯ. ಗುರುತಿನ ದಾಖಲೆಯ ಕೆಲಸ ‘ಅಂದಿನವಳೇ ಇವಳು’ ಎಂದು ಸಾಬೀತು ಮಾಡುವುದು. ‘ಇವಳು ಇಂಥವನ ಹೆಂಡತಿ’ ಎಂದು ತಿಳಿಸುವುದು ಮದುವೆ ಪತ್ರದ ಕೆಲಸ. ಎರಡೂ ಕೆಲಸವನ್ನು ಒಂದೇ ಹೆಸರಿನ ಮೇಲೆ ಹೇರಿದಾಗ ಕಷ್ಟ ಶುರುವಾಗುತ್ತದೆ.

ಚೀನಾದ ಕಾನೂನು ಈ ವಿಷಯದಲ್ಲಿ ಏಳು ದಶಕಗಳಿಂದ ಒಂದೇ ಮಾತು ಹೇಳುತ್ತಾ ಬಂದಿದೆ. ಜನತಾ ಗಣರಾಜ್ಯ ಸ್ಥಾಪನೆಯಾದ ಮರುವರ್ಷವೇ, 1950ರಲ್ಲಿ, ಬಂದ ವಿವಾಹ ಕಾನೂನು ಗಂಡ ಹೆಂಡತಿ ಇಬ್ಬರಿಗೂ ತಂತಮ್ಮ ಹೆಸರನ್ನೇ ಬಳಸುವ ಹಕ್ಕಿದೆ ಎಂದು ಘೋಷಿಸಿತು. 1980ರ ವಿವಾಹ ಕಾನೂನು ಅದನ್ನು ಉಳಿಸಿಕೊಂಡಿತು. 2021ರ ಜನವರಿ 1ರಿಂದ ಜಾರಿಯಲ್ಲಿರುವ ನಾಗರಿಕ ಸಂಹಿತೆಯ 1056ನೇ ವಿಧಿಯೂ ಅದನ್ನೇ ಹೇಳುತ್ತದೆ. ಆಚರಣೆಯೂ ಹಾಗೆಯೇ ಇದೆ. ಪ್ರಧಾನಿ ಚೌ ಎನ್‌ಲಾಯ್ ಅವರ ಪತ್ನಿ ಕೊನೆಯವರೆಗೂ ಡೆಂಗ್ ಯಿಂಗ್‌ಚಾವ್ ಆಗಿಯೇ ಇದ್ದರು. ಇಂದಿನ ಅಧ್ಯಕ್ಷ ಷಿ ಜಿನ್‌ಪಿಂಗ್ ಅವರ ಪತ್ನಿ ಪೆಂಗ್ ಲಿಯುವಾನ್. ಗಂಡನ ಕುಲನಾಮ ಇವರ ಹೆಸರಿಗೆ ಅಂಟಿಕೊಂಡಿಲ್ಲ, ಅಂಟಿಕೊಳ್ಳಬೇಕೆಂದು ಅಲ್ಲಿ ಯಾರೂ ಕೇಳುವುದೂ ಇಲ್ಲ.

ಹಾಗೆಂದು ಇದನ್ನು ಚೀನಾದ ಸನಾತನ ಪದ್ಧತಿ ಎಂದುಕೊಂಡರೆ ತಪ್ಪಾಗುತ್ತದೆ. ಹಳೆಯ ಕಾಲದಲ್ಲಿ ಮದುವೆಯಾದ ಹೆಣ್ಣನ್ನು ಗಂಡನ ಕುಲನಾಮ, ಅದರ ಮುಂದೆ ತವರಿನ ಕುಲನಾಮ, ಕೊನೆಗೆ ‘ಶಿ’ ಎಂಬ ಪದ ಸೇರಿಸಿ ಬರೆಯುತ್ತಿದ್ದರು. ಅವಳ ಸ್ವಂತ ಹೆಸರು ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ. ತವರಿನ ಕುಲನಾಮ ಉಳಿದದ್ದು ಅವಳ ಗೌರವಕ್ಕಾಗಿಯೂ ಅಲ್ಲ. ಅವಳು ಬೇರೆ ವಂಶದಿಂದ ಬಂದವಳು, ಒಂದೇ ಕುಲನಾಮದವರು ಮದುವೆಯಾಗಬಾರದೆಂಬ ಕಟ್ಟಳೆ ಮುರಿದಿಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗಿತ್ತು. 1930ರಲ್ಲಿ ಚೀನಾ ಗಣರಾಜ್ಯ ರೂಪಿಸಿದ ನಾಗರಿಕ ಸಂಹಿತೆ ಈ ರೂಢಿಯನ್ನೇ ಕಾನೂನು ಮಾಡಿ, ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಹೆಂಡತಿ ತನ್ನ ಕುಲನಾಮಕ್ಕೆ ಮೊದಲು ಗಂಡನದನ್ನು ಸೇರಿಸಿಕೊಳ್ಳಬೇಕು ಎಂದಿತು. ತೈವಾನಿನಲ್ಲಿ ಆ ನಿಯಮ ಬದಲಾದದ್ದು 1998ರಲ್ಲಿ. ಈಗ ಅಲ್ಲಿ ಇಬ್ಬರೂ ಸ್ವಂತ ಕುಲನಾಮ ಉಳಿಸಿಕೊಳ್ಳುವುದೇ ಸಾಮಾನ್ಯ ನಿಯಮ, ಬೇಕಾದವರು ಲಿಖಿತವಾಗಿ ಒಪ್ಪಿ ಸೇರಿಸಿಕೊಳ್ಳಬಹುದು. ಹಾಂಕಾಂಗ್‌ನಲ್ಲಿ ಹಳೆಯ ಜೋಡಿ ಕುಲನಾಮ ಇಂದಿಗೂ ಕಾಣಸಿಗುತ್ತದೆ. 2017ರಿಂದ 2022ರವರೆಗೆ ಅಲ್ಲಿನ ಮುಖ್ಯ ಆಡಳಿತಾಧಿಕಾರಿಯಾಗಿದ್ದ ಕ್ಯಾರಿ ಲ್ಯಾಮ್ ಅವರ ಚೀನೀ ಹೆಸರು ಲ್ಯಾಮ್ ಚೆಂಗ್ ಯುಯೆಟ್-ಗೋರ್. ಲ್ಯಾಮ್ ಗಂಡನದು, ಚೆಂಗ್ ತವರಿನದು. ಒಂದೇ ಲಿಪಿಪರಂಪರೆಯ ಜನರಲ್ಲಿ ಒಂದೇ ಶತಮಾನದೊಳಗೆ ಮೂರು ಪದ್ಧತಿ ಕಂಡ ಮೇಲೆ, ‘ಚೀನೀಯರ ಸಂಸ್ಕೃತಿಯೇ ಹೀಗೆ’ ಎನ್ನುವ ವಾದಕ್ಕೆ ಬಲವಿಲ್ಲ. ಯಾವ ಹೆಸರು ನಡೆಯುತ್ತದೆ ಎಂಬುದನ್ನು ಆಯಾ ಕಾಲದ ದಾಖಲೆ ಪದ್ಧತಿ ತೀರ್ಮಾನಿಸಿದೆ.

ಚೀನಾದ ಇಂದಿನ ದಾಖಲೆ ಪದ್ಧತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚೀನೀ ಪ್ರಜೆಯ ಎಲ್ಲ ಕಾಗದಗಳ ಬೇರು ಹುಕೌ ಎಂಬ ಕುಟುಂಬ ನೋಂದಣಿ ಪುಸ್ತಕದಲ್ಲಿದೆ. ಅದರಿಂದ ಗುರುತಿನ ಚೀಟಿ ಹುಟ್ಟುತ್ತದೆ. ಆ ಚೀಟಿಯ 18 ಅಂಕಿಗಳಲ್ಲಿ ಮೊದಲ 6 ಊರಿನವು, ನಂತರದ 8 ಹುಟ್ಟಿದ ದಿನದವು, ಆಮೇಲೆ 3 ಅಂಕಿಯ ಸರಣಿ ಸಂಖ್ಯೆ, ಕೊನೆಯದು ತಾಳೆ ನೋಡುವ ಅಂಕಿ. ಬ್ಯಾಂಕ್ ಖಾತೆ, ಮೊಬೈಲ್ ಸಿಮ್, ರೈಲು ಟಿಕೆಟ್, ಮನೆಯ ಹಕ್ಕುಪತ್ರ, ಪಾಸ್‌ಪೋರ್ಟ್ ಎಲ್ಲವೂ ಈ ಹೆಸರು ಮತ್ತು ಸಂಖ್ಯೆಗೆ ಕಟ್ಟಿಕೊಂಡಿವೆ. ಅಲ್ಲಿ ಕುಲನಾಮ ಬದಲಿಸುವುದು ಸುಲಭವಲ್ಲ. ಇಂದಿನ ನಾಗರಿಕ ಸಂಹಿತೆಯ 1015ನೇ ವಿಧಿಯ ಪ್ರಕಾರ ಕುಲನಾಮ ತಂದೆಯದೋ ತಾಯಿಯದೋ ಆಗಿರಬೇಕು. ಅಜ್ಜ ಅಜ್ಜಿಯರಂಥ ನೇರ ಹಿರಿಯರದು, ಸಾಕಿದವರದು, ಇಲ್ಲವೇ ಸಾರ್ವಜನಿಕ ನೀತಿಗೆ ವಿರುದ್ಧವಲ್ಲದ ಬೇರೆ ನ್ಯಾಯವಾದ ಕಾರಣ ಇದ್ದರೆ ವಿನಾಯಿತಿ ಉಂಟು. ಗಂಡನ ಕುಲನಾಮವೆಂಬುದು ಆ ಪಟ್ಟಿಯಲ್ಲಿ ಹೆಸರಿಸಿದ ಕಾರಣವಲ್ಲ. ಲಿಪಿಯ ಅಡ್ಡಿಯೂ ಇದೆ. ಹೆಸರಿನಲ್ಲಿ ರೋಮನ್ ಅಕ್ಷರ ‘ಸಿ’ ಇಟ್ಟುಕೊಂಡಿದ್ದ ಜಿಯಾಂಗ್‌ಷಿ ಪ್ರಾಂತ್ಯದ ಯುವಕನೊಬ್ಬನಿಗೆ ಹೊಸ ಗುರುತಿನ ಚೀಟಿ ಸಿಗದೆ, ಅವನು ನ್ಯಾಯಾಲಯಕ್ಕೆ ಹೋಗಿ, ಕೊನೆಗೆ 2009ರಲ್ಲಿ ಹೆಸರು ಬದಲಿಸಲು ಒಪ್ಪಬೇಕಾಯಿತು. ಒಂದು ಅಕ್ಷರಕ್ಕೇ ಈ ಪಾಡಾದರೆ, ಸ್ಮಿತ್ ಅಥವಾ ಮುಲ್ಲರ್ ಎಂಬ ಇಡೀ ಕುಲನಾಮಕ್ಕೆ ಹುಕೌನಲ್ಲಿ ಜಾಗ ಸಿಗುವುದೆಂತು?

ಈಗ ಗಂಡನ ದೇಶಕ್ಕೆ ಬನ್ನಿ. ‘ಪಾಶ್ಚಾತ್ಯ ದೇಶಗಳಲ್ಲಿ ಹೆಂಡತಿ ಗಂಡನ ಹೆಸರು ತಗೊಳ್ಳಲೇಬೇಕು’ ಎಂಬ ನಂಬಿಕೆ ಚೀನಾದಲ್ಲೂ ಇದೆ, ನಮ್ಮಲ್ಲೂ ಇದೆ. ಅದು ಅರ್ಧ ಸತ್ಯ. ಫ್ರಾನ್ಸಿನಲ್ಲಿ 1794ರ ಕಾನೂನಿನಿಂದ ಇಂದಿನವರೆಗೂ ಪ್ರಜೆಯ ಕಾನೂನುಬದ್ಧ ಹೆಸರು ಹುಟ್ಟುಹೆಸರೇ. ಗಂಡನದು ಬರೀ ಬಳಕೆಯ ಹೆಸರು, ಬೇಕಾದರೆ ಗುರುತಿನ ಚೀಟಿಯಲ್ಲಿ ಅದನ್ನು ಬೇರೆ ಸಾಲಿನಲ್ಲಿ ಮುದ್ರಿಸುತ್ತಾರೆ. ಕೆನಡಾದ ಕ್ವಿಬೆಕ್‌ನಲ್ಲಿ 1981ರಿಂದ ಮದುವೆಯಿಂದ ಹೆಸರು ಬದಲಾಗುವುದಿಲ್ಲ. ಜಪಾನಿನಲ್ಲಿ ಇಬ್ಬರೂ ಜಪಾನೀಯರಾಗಿದ್ದರೆ ಒಂದೇ ಕುಲನಾಮ ಕಡ್ಡಾಯ, ಆದರೆ ಒಬ್ಬರು ವಿದೇಶಿಯರಾದರೆ ಆ ಕಡ್ಡಾಯವೇ ಅನ್ವಯಿಸುವುದಿಲ್ಲ. ಜಪಾನೀ ಗಂಡನ ಚೀನೀ ಹೆಂಡತಿ ತನ್ನ ಹೆಸರಿನಲ್ಲೇ ಉಳಿಯುತ್ತಾಳೆ, ಬೇಕಿದ್ದರೆ ಗಂಡನ ಕುಲನಾಮವನ್ನು ಬಳಕೆಯ ಹೆಸರೆಂದು ನಿವಾಸಿ ದಾಖಲೆಯಲ್ಲಿ ಸೇರಿಸಿಕೊಳ್ಳಬಹುದು. ಅಮೆರಿಕದಲ್ಲಿ ಮಾತ್ರ ಬಾಗಿಲು ದೊಡ್ಡದು. ಮದುವೆ ಪತ್ರ ತೋರಿಸಿದರೆ ಸೋಷಿಯಲ್ ಸೆಕ್ಯೂರಿಟಿ ಕಾರ್ಡಿಗೂ ಗ್ರೀನ್ ಕಾರ್ಡಿಗೂ ಗಂಡನ ಕುಲನಾಮ ಬರುತ್ತದೆ. ಹೆಚ್ಚಿನ ಗೊಂದಲ ಶುರುವಾಗುವುದೂ ಅಲ್ಲಿಂದಲೇ. ಏಕೆಂದರೆ ಅವಳ ಕೈಯಲ್ಲಿರುವ ಪಾಸ್‌ಪೋರ್ಟ್ ಇನ್ನೂ ಚೀನಾದ್ದು, ಅದರ ಹೆಸರು ಇನ್ನೂ ಹುಕೌನದು.

ವಿಮಾನ ನಿಲ್ದಾಣದ ಯಂತ್ರ ಇದನ್ನು ಹೇಗೆ ಓದುತ್ತದೆ ನೋಡಿ. ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ ತಲಾ 44 ಅಕ್ಷರಗಳ ಎರಡು ಸಾಲು ಇರುತ್ತವೆ. ಮೊದಲ ಸಾಲಿನಲ್ಲಿ ದೇಶದ ಸಂಕೇತ, ಕುಲನಾಮ, ಎರಡು ಬಾಣದ ಗುರುತು, ಆಮೇಲೆ ಸ್ವಂತ ಹೆಸರು. ಯಂತ್ರ ಓದುವುದು ಈ ಅಕ್ಷರಗಳ ಸಾಲನ್ನು. ಟಿಕೆಟ್ ಗ್ರೀನ್ ಕಾರ್ಡಿನ ಹೆಸರಲ್ಲಿದ್ದು ಪಾಸ್‌ಪೋರ್ಟ್ ತವರಿನ ಹೆಸರಲ್ಲಿದ್ದರೆ ಕೌಂಟರಿನಲ್ಲೇ ಪ್ರಯಾಣ ನಿಲ್ಲಬಹುದು. ಮದುವೆಯ ಗೋಜೇ ಇಲ್ಲದವರಿಗೂ ಇದರ ಬಿಸಿ ತಟ್ಟಿದೆ. ‘ಲ್ಯು’ ಎಂಬ ಕುಲನಾಮದಲ್ಲಿ ರೋಮನ್ ಕೀಲಿಮಣೆಯಲ್ಲಿ ಸಿಗದ ಸ್ವರವೊಂದಿದೆ. ಹಿಂದೆ ಅದಕ್ಕೆ ಎಲ್ ಜೊತೆ ಯು ಅಥವಾ ವಿ ಬರೆಯುತ್ತಿದ್ದರು. 2012ರಲ್ಲಿ ಜಾರಿಗೆ ಬಂದ ಕಾಗುಣಿತ ನಿಯಮದಂತೆ ಈಗ ಎಲ್, ವೈ, ಯು ಬರೆಯಬೇಕು. ಪಾಸ್‌ಪೋರ್ಟ್ ನವೀಕರಿಸಿದವರ ಕುಲನಾಮ ಚೀನೀ ಲಿಪಿಯಲ್ಲಿ ಕೂದಲೆಳೆಯಷ್ಟೂ ಬದಲಾಗದೆ, ರೋಮನ್‌ನಲ್ಲಿ ಹಳೆಯ ವೀಸಾಗಳ ಜೊತೆ ತಾಳೆಯಾಗದೆ ಹೋಯಿತು. ಒಂದು ಅಕ್ಷರ ಇಷ್ಟು ಮಾಡಬಲ್ಲದಾದರೆ, ಕುಲನಾಮವನ್ನೇ ಬದಲಿಸುವುದರಿಂದ ಆಗುವ ಕೆಲಸವನ್ನು ಊಹಿಸಿಕೊಳ್ಳಬಹುದು. ಆದ್ದರಿಂದಲೇ ಪ್ರಯಾಣದ ಟಿಕೆಟನ್ನು ಪಾಸ್‌ಪೋರ್ಟಿನ ಹೆಸರಲ್ಲೇ ಕೊಂಡು, ಜೊತೆಗೆ ಮದುವೆ ಪತ್ರ ಇಟ್ಟುಕೊಳ್ಳುವುದು ಜಾಣತನ.

ವಿದೇಶದ ಪೌರತ್ವ ಪಡೆದರೆ ಇದೆಲ್ಲ ಮುಗಿಯುತ್ತದಲ್ಲ ಎನ್ನಬಹುದು. ಅರ್ಧ ಮಾತ್ರ ಮುಗಿಯುತ್ತದೆ. ಚೀನಾದ 1980ರ ರಾಷ್ಟ್ರೀಯತೆ ಕಾನೂನು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ವಿದೇಶದಲ್ಲಿ ನೆಲೆಸಿ ಸ್ವಇಚ್ಛೆಯಿಂದ ಅಲ್ಲಿನ ಪ್ರಜೆಯಾದವರ ಚೀನೀ ರಾಷ್ಟ್ರೀಯತೆ ತಾನೇ ತಾನಾಗಿ ಹೋಗುತ್ತದೆ. ಹೊಸ ಪಾಸ್‌ಪೋರ್ಟಿನಲ್ಲಿ ಹೊಸ ಕುಲನಾಮ ಬರೆಸಿಕೊಂಡವಳು ಮೊದಲ ಸಲ ಚೀನೀ ವೀಸಾ ಕೇಳುವಾಗ ಹಳೆಯ ಚೀನೀ ಪಾಸ್‌ಪೋರ್ಟನ್ನೂ ಹೆಸರು ಬದಲಾದದ್ದಕ್ಕೆ ಅಧಿಕೃತ ಪುರಾವೆಯನ್ನೂ ಕೊಡಬೇಕಾಗುತ್ತದೆ. ತವರಿನಲ್ಲಿ ತಂದೆ ತೀರಿಕೊಂಡು ಮನೆ ಪಾಲಾಗುವ ಹೊತ್ತಿಗೆ ಹಕ್ಕುದಾರಳಾಗಿ ನಿಂತವಳ ಹೆಸರು ಹುಕೌನ ಮಗಳ ಹೆಸರಿಗೆ ಹೊಂದುವುದಿಲ್ಲ. ಆಗ ನೋಟರಿಯ ಮುಂದೆ ‘ಈ ಎರಡೂ ಹೆಸರು ಒಬ್ಬಳದೇ’ ಎಂಬ ಹೇಳಿಕೆ ಮಾಡಿಸಬೇಕು. ಒಮ್ಮೆ ಬದಲಿಸಿದ ಹೆಸರನ್ನು ಬದುಕಿನುದ್ದಕ್ಕೂ ವಿವರಿಸುತ್ತಲೇ ಇರಬೇಕಾಗುತ್ತದೆ.

ತವರಿನ ಹೆಸರನ್ನೇ ಉಳಿಸಿಕೊಳ್ಳುವುದು ಲೇಸೆಂಬ ಮಾತಿಗೆ ಬರುವ ಮೊದಲ ಆಕ್ಷೇಪ ಮಕ್ಕಳದು. ಮಗುವಿನ ಪಾಸ್‌ಪೋರ್ಟಿನಲ್ಲಿ ತಂದೆಯ ಕುಲನಾಮ, ತಾಯಿಯದರಲ್ಲಿ ಬೇರೆ. ಗಡಿಯಲ್ಲಿ ಅಧಿಕಾರಿ ಈ ಮಗು ನಿಮ್ಮದೇ ಎಂದು ಕೇಳಿದರೆ? ಕಳವಳ ಸಹಜ, ಪ್ರಶ್ನೆಯೂ ನಿಜವಾಗಿ ಬರುತ್ತದೆ. ಆದರೆ ಅದಕ್ಕೆ ಉತ್ತರ ಕೊಡುವ ಕಾಗದ ಜನನ ಪ್ರಮಾಣಪತ್ರ. ಅದರಲ್ಲಿ ತಾಯಿಯ ಹೆಸರು ಹೆರಿಗೆಯ ದಿನ ಏನಿತ್ತೋ ಅದೇ ಇರುತ್ತದೆ. ಮಗುವಿಗೆ ಹೊಂದಲೆಂದು ತಾಯಿ ಆಮೇಲೆ ಕುಲನಾಮ ಬದಲಿಸಿದರೆ ಮಗುವಿನ ಹೆಸರಿಗೆ ಹೊಂದಿ, ಮಗುವಿನ ಜನನ ಪತ್ರದ ಜೊತೆಗೇ ಹೊಂದದಂತಾಗುತ್ತಾಳೆ. ಒಂದು ಪ್ರಶ್ನೆಯಿಂದ ಪಾರಾಗಲು ಹೊರಟು ಗಟ್ಟಿ ಪುರಾವೆಯನ್ನೇ ಸಡಿಲ ಮಾಡಿಕೊಳ್ಳುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಎರಡನೆಯ ಆಕ್ಷೇಪ ವಲಸೆ ಕಚೇರಿಯದು: ಬೇರೆ ಕುಲನಾಮವಿದ್ದರೆ ಮದುವೆ ನಕಲಿ ಎಂಬ ಗುಮಾನಿ ಬರುವುದಿಲ್ಲವೇ? ನಕಲಿ ಮದುವೆ ಮಾಡಿಕೊಳ್ಳುವವರಿಗೆ ಹೆಸರು ಬದಲಿಸುವುದು ಕಷ್ಟದ ಕೆಲಸವಲ್ಲ. ಅಧಿಕಾರಿಗಳು ನೋಡುವುದು ಜಂಟಿ ಖಾತೆ, ಬಾಡಿಗೆ ಕರಾರು, ಒಟ್ಟಿಗೆ ಬಾಳಿದ ಕುರುಹು. ಒಂದೇ ಕುಲನಾಮ ಮದುವೆಗೆ ಪುರಾವೆಯಾಗುವುದಿದ್ದರೆ ಚೀನಾದಲ್ಲಿ ಮದುವೆಯೇ ನಡೆದಿಲ್ಲ ಎನ್ನಬೇಕಾಗುತ್ತಿತ್ತು.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ತವರಿನ ಕುಲನಾಮವೂ ತಂದೆಯದೇ ತಾನೆ, ಅದನ್ನು ಹಿಡಿದುಕೊಳ್ಳುವುದರಲ್ಲಿ ಹೆಣ್ಣಿನ ಸ್ವಾತಂತ್ರ್ಯವೆಲ್ಲಿದೆ, ಗಂಡನ ಹೆಸರು ಬೇಕೆನ್ನುವವಳ ಇಚ್ಛೆಗೆ ಬೆಲೆಯಿಲ್ಲವೇ ಎಂಬುದು ಅದು. ಮೊದಲ ಭಾಗವನ್ನು ನಾನು ಒಪ್ಪುತ್ತೇನೆ. ಹುಟ್ಟುಹೆಸರು ಪವಿತ್ರವೆಂದು ನಾನು ಹೇಳುತ್ತಿಲ್ಲ. ಅದು ಮೊದಲ ದಾಖಲೆಯಲ್ಲಿದೆ, ಉಳಿದೆಲ್ಲ ದಾಖಲೆಗಳು ಅದಕ್ಕೆ ಕಟ್ಟಿಕೊಂಡಿವೆ ಎಂದಷ್ಟೇ ಹೇಳುತ್ತಿದ್ದೇನೆ. ಇಚ್ಛೆಯ ಮಾತಿಗೂ ದಾರಿಯಿದೆ. ಹಳೆಯ ಹೆಸರು, ವಿದೇಶಿ ಭಾಷೆಯ ಹೆಸರು, ಬೇರೆ ಕಾಗುಣಿತ ಇವನ್ನು ಚೀನೀ ಪಾಸ್‌ಪೋರ್ಟಿನ ಟಿಪ್ಪಣಿ ಪುಟದಲ್ಲಿ ಬರೆಸಿಕೊಳ್ಳಲು ಅವಕಾಶವಿದೆ. ಫ್ರಾನ್ಸ್ ಮತ್ತು ಜಪಾನ್ ಮಾಡಿರುವುದೂ ಇದನ್ನೇ: ಮೂಲ ಹೆಸರನ್ನು ಅಲುಗಿಸದೆ, ಬಳಕೆಯ ಹೆಸರನ್ನು ಅದರ ಪಕ್ಕಕ್ಕೆ ಅಧಿಕೃತವಾಗಿ ಸೇರಿಸುವುದು. ಸಂಸಾರದಲ್ಲಿ, ನೆರೆಹೊರೆಯಲ್ಲಿ, ಕೆಲಸದಲ್ಲಿ ಶ್ರೀಮತಿ ಸ್ಮಿತ್ ಎನಿಸಿಕೊಳ್ಳಬೇಕೆನ್ನುವವಳನ್ನು ಯಾರೂ ತಡೆಯಬೇಕಾಗಿಲ್ಲ.

ಈ ಮಾತು ಕನ್ನಡದ ಕೇಳುಗರಿಗೆ ದೂರದ್ದಲ್ಲ. ಕುಲನಾಮವೇ ಇಲ್ಲದೆ ಊರಿನ, ತಂದೆಯ ಇನಿಷಿಯಲ್ ಹಚ್ಚಿಕೊಂಡು ಬದುಕಿದವರು ನಮ್ಮಲ್ಲಿ ಬಹಳ ಮಂದಿ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಬಿಟ್ಟ ಭಾರತೀಯರಿಗೆ 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಒಂದೇ ಹೆಸರಿನವರಿಗೆ ಪ್ರವಾಸಿ ವೀಸಾ ಇಲ್ಲ ಎಂದಾಗ ತಲೆನೋವಾಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು ಇರುವ ಹೆಣ್ಣುಮಕ್ಕಳು ಅಫಿಡವಿಟ್ ಮಾಡಿಸಲು ಅಲೆಯುವುದು ನಮಗೆ ಗೊತ್ತಿರುವುದೇ. ಎಲ್ಲರಿಗೂ ಎರಡು ಭಾಗದ ಹೆಸರಿದೆ, ಮದುವೆಯಾದವರಿಗೆ ಒಂದೇ ಕುಲನಾಮವಿದೆ ಎಂದುಕೊಂಡು ಯಾರೋ ಮಾಡಿದ ಅರ್ಜಿ ನಮೂನೆಗೆ ಆ ಚೀನೀ ಹೆಣ್ಣುಮಕ್ಕಳೂ ನಾವೂ ಸಿಕ್ಕಿಕೊಂಡಿದ್ದೇವೆ.

ಹಾಗಾಗಿ ವಿದೇಶಿ ಗಂಡನನ್ನು ಮದುವೆಯಾಗುವ ಚೀನೀ ಹೆಣ್ಣಿಗೆ ವಿವೇಕದ ದಾರಿ ಒಂದಿದೆ: ಹುಕೌ ಮತ್ತು ಪಾಸ್‌ಪೋರ್ಟಿನ ಹೆಸರನ್ನು ಹಾಗೆಯೇ ಬಿಡುವುದು, ಗಂಡನ ದೇಶದ ವಲಸೆ ಕಾಗದಗಳನ್ನೂ ಅದೇ ಹೆಸರಲ್ಲಿ ಪಡೆಯುವುದು, ಗಂಡನ ಕುಲನಾಮ ಬೇಕೆನಿಸಿದರೆ ಅದನ್ನು ಟಿಪ್ಪಣಿಯಾಗಿಯೋ ಬಳಕೆಯ ಹೆಸರಾಗಿಯೋ ಇಟ್ಟುಕೊಳ್ಳುವುದು, ಮದುವೆ ಪತ್ರದ ಅಧಿಕೃತ ಅನುವಾದವನ್ನು ಸದಾ ಕೈಯಲ್ಲಿಟ್ಟುಕೊಳ್ಳುವುದು. ಆದರೆ ಇಷ್ಟೂ ಎಚ್ಚರವನ್ನು ಅವಳೊಬ್ಬಳ ಮೇಲೆ ಹೊರಿಸುವುದು ನ್ಯಾಯವಲ್ಲ. ಮದುವೆಯಿಂದ ಅವಳ ಗಂಡನ ಒಂದು ಕಾಗದವೂ ಬದಲಾಗುವುದಿಲ್ಲ, ಅವನನ್ನು ಯಾವ ಕೌಂಟರಿನಲ್ಲೂ ಯಾರೂ ತಡೆಯುವುದಿಲ್ಲ. ಒಂದು ಅರ್ಜಿಯಲ್ಲಿ ‘ಬಳಕೆಯ ಹೆಸರು’ ಎಂಬ ಸಾಲು ಸೇರಿಸಲು ಸರ್ಕಾರಕ್ಕೆ ಆಗುವ ಖರ್ಚು ಅಲ್ಪ, ಅದಿಲ್ಲದಿದ್ದರೆ ಹೆಂಗಸೊಬ್ಬಳು ಎರಡು ದೇಶಗಳ ಕಚೇರಿಗಳಲ್ಲಿ ಅಲೆಯುವ ಖರ್ಚು ದೊಡ್ಡದು. ಫ್ರಾನ್ಸಿಗೂ ಜಪಾನಿಗೂ ಸಾಧ್ಯವಾದದ್ದು ಉಳಿದ ದೇಶಗಳಿಗೆ ಅಸಾಧ್ಯವೇನಲ್ಲ.